ಹತ್ತಿ ಇಳಿದ ಘಟ್ಟದ ದಾರಿ ರೈತರೂ ಒಮ್ಮೆ ನಡೆದು ನೋಡ್ರಿ



ಟ್ರೆಕ್ಕಿಂಗ್ ಅಂದ್ರ ಬೆಂಗಳೂರು ಹುಡುಗರ ಕೆಲಸ ಅಂತ ನಮ್ಮ ಕಡೆ ಮಾತು. ದಿನಾ ಬದು ತುಳೀತೀವಿ, ಮತ್ತ ರೊಕ್ಕ ಕೊಟ್ಟು ನಡೀಬೇಕೇನು ಅಂತ ಕಟ್ಟಿ ಮ್ಯಾಲ ಕುಂತವರು ನಗತಾರ. ನನ್ನ ವಿಚಾರ ಬ್ಯಾರೆ ಐತಿ. ಹಳೆ ವ್ಯಾಪಾರದ ದಾರಿ ಇದ್ದು, ಅದನ್ನ ಬಲ್ಲ ಮನುಷ್ಯಾ ಜೋಡಿ ಇದ್ದರ, ಅಲ್ಲಿಗೆ ಮೊದಲು ಹೋಗಬೇಕಾದವರು ನಾವು. ಬೆಳೆದವರಿಗೆ ತಿಳಿಯೋ ಸಂಗತಿ ಅಲ್ಲಿ ಬಾಳ ಅದಾವ.

ಜನವರಿಯೊಳಗ ಆಲಮಟ್ಟಿ ಸುತ್ತಿನ ನಾವು ಹನ್ನೊಂದು ಮಂದಿ ಶಿರಸಿ–ಕುಮಟಾ ನಡುವಿನ ದೇವಿಮನೆ ಘಾಟಿಗೆ ಹೋಗಿದ್ವಿ. ಅಲ್ಲಿಯವರೇ ಒಬ್ಬರು, ಅರವತ್ತರ ಹತ್ತಿರದ ಅಡಿಕೆ ತೋಟದವರು, ದಾರಿ ತೋರಿಸಿದರು. ಅರಣ್ಯದವರ ಅನುಮತಿ ಅವರೇ ನೋಡಿಕೊಂಡಿದ್ದರು. ದೇವಿಮನೆ ಗುಡಿಗೆ ಕೈ ಮುಗಿದು, ಡಾಂಬರ್ ರಸ್ತೆ ಬಿಟ್ಟು ಕಾಲುದಾರಿ ಹಿಡಿದು ಇಳಿದ್ವಿ. ಎರಿ ಹೊಲದಾಗ ಹುಟ್ಟಿದ ಕಾಲಿಗೆ ಆ ಕೆಂಪು ಜಂಬಿಟಗಿ ಕಲ್ಲಿನ ಇಳಿಜಾರು ರೂಢಿ ಇಲ್ಲ. ಎರಡು ತಾಸಿನೊಳಗ ಮೊಣಕಾಲು ನಡುಗಾಕ ಹತ್ತಿದವು. ಹೆಗಲಮ್ಯಾಲ ಇದ್ದದ್ದು ನೀರಿನ ಬಾಟ್ಲಿ, ನಾಕು ರೊಟ್ಟಿ, ಶೇಂಗಾ ಹಿಂಡಿ ಅಷ್ಟೇ.

ಇದೇ ಘಟ್ಟ ಇಳಿದು ಒಂದು ಕಾಲಕ್ಕ ಹತ್ತಿ ಸಮುದ್ರಕ್ಕ ಹೋಗ್ತಿತ್ತು. ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ನಮ್ಮಂಥಾ ಎರಿ ಭೂಮಿಯ ಹತ್ತಿ ಮೊದಲು ಎತ್ತಿನ ಬೆನ್ನಮ್ಯಾಲ, ರಸ್ತಾ ಆದಮ್ಯಾಲ ಗಾಡಿಯೊಳಗ ಕುಮಟಾ ಬಂದರಿಗೆ ಬಂದು, ಹಡಗಿನಾಗ ಮುಂಬೈ ಸೇರ್ತಿತ್ತು. ಅಲ್ಲಿಂದ ಇಂಗ್ಲೆಂಡಿನ ಗಿರಣಿಗೆ. 1861ರಿಂದ 1865ರ ತನಕ ಅಮೇರಿಕಾದಾಗ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಈ ಕಡೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಮದ್ರಾಸ್ ಸರಕಾರದ ಕೈಯಾಗಿದ್ದ ಉತ್ತರ ಕನ್ನಡವನ್ನ 1862ರಾಗ ಮುಂಬೈ ಸರಕಾರಕ್ಕ ಸೇರಿಸಿದ್ದಕ್ಕೂ ಈ ಹತ್ತಿ ವ್ಯಾಪಾರ, ಕಾರವಾರ ಬಂದರು ದೊಡ್ಡ ಕಾರಣ. ಒಂದು ಬೆಳೆಗಾಗಿ ಜಿಲ್ಲಾದ ಗಡಿ ಸರಿದಿತ್ತು ಅಂದ್ರ ಲೆಕ್ಕ ಹಾಕ್ರಿ.

ಈಗ ನನ್ನ ತಲಿಯಾಗ ಕುಂತ ಮಾತು. ಆ ಹತ್ತಿಗೆ ಪ್ಯಾಟಿಯೊಳಗ ಹೆಸರು ‘ಕುಮಟಾ ಹತ್ತಿ’. ಆ ಪರಿ ಮಳಿ ಬೀಳೋ ಕರಾವಳಿಯ ಕುಮಟಾದಾಗ ಹತ್ತಿ ಎಲ್ಲಿ ಬೆಳೀತೈತ್ರಿ? ಬಿತ್ತಿದವರು, ಕಳೆ ತೆಗೆದವರು, ಬಿಡಿಸಿದವರು ಘಟ್ಟದ ಮ್ಯಾಲಿನ ಒಕ್ಕಲಿಗರು. ಅಂಡಿಗಿ ಹಡಗು ಏರಿದ ಊರಿನ ಹೆಸರು ಮಾಲಿಗೆ ಬಂತು. ಬೀಜದ ಪುಸ್ತಕದಾಗೂ ಆ ತಳಿಗೆ ಅದೇ ಹೆಸರು ಉಳೀತು. ನಮ್ಮ ಹಿರಿಯರು ಬಿತ್ತತಿದ್ದ ಜಯಧರ ಹತ್ತಿನೂ ಅದೇ ಜಾತಿಯದು.

ಹೆಸರು ಹೋದರ ಹೋಗಲಿ, ದೂರು ಮಾತ್ರ ತಿರುಗಿ ನಮ್ಮ ಕಡೆ ಬರ್ತೈತಿ. ಬೆಲೆ ಏರಿದಾಗ ಹತ್ತಿಯೊಳಗ ಕಸ, ಕಾಳು, ಮಣ್ಣು ಬೆರೆಸೋದು ಎಷ್ಟು ಹೆಚ್ಚಿತಂದ್ರ, ಅದನ್ನ ತಡೆಯಾಕಂತ 1863ರಾಗ ಮುಂಬೈಯೊಳಗ ಒಂದು ಕಾಯ್ದೆನೇ ತಂದರು. ಹೊಲದಿಂದ ಹಡಗಿನ ತನಕ ಎಷ್ಟು ಕೈ ದಾಟಿತ್ತು, ಯಾವ ಕೈ ಬೆರೆಸಿತು ಅಂತ ಕೇಳಬೇಕಲ್ಲ? ಘಟ್ಟ ಇಳೀತಾ ಇದ್ರ ಆ ಕೈಗಳ ಲೆಕ್ಕ ತಾನೇ ಬರ್ತೈತಿ: ಕೊಂಡವನು, ಹೇರಿದವನು, ಘಟ್ಟದ ಬುಡಕ ಇಳಿಸಿದವನು, ಬಂದರಿನ ಗೋದಾಮಿನವನು. ಕುರ್ಚಿ ಮ್ಯಾಲ ಕುಂತು ಓದಿದರ ಅದು ಒಂದು ಸಾಲು, ಅಷ್ಟೇ.

ನಮ್ಮ ಜೋಡಿ ತಾಂಡಾದ ಒಬ್ಬ ಗೆಳೆಯ ಬಂದಿದ್ದ. ದಾರಿ ತೋರಿಸೋರು ಇಂಗ್ಲಿಷರ ಬಗ್ಗೆ, ಬಂದರಿನ ಸಾವಕಾರರ ಬಗ್ಗೆ ಚಂದ ಹೇಳ್ತಿದ್ದರು. ಇವನು ಮೆಲ್ಲಗ ಕೇಳಿದ, “ಯಜಮಾನ್ರ, ಎತ್ತು ಹೊಡಕೊಂಡು ಹೋದವರು ಯಾರಂತ ಹೇಳಲಿಲ್ಲಲ್ರಿ?” ಅವರು ನಿಂತರು. “ನೀವು ಹೇಳಿದ್ದು ಹೌದು ಮಾರಾಯ್ರೇ, ಬಂದವರು ಯಾರೂ ಅದನ್ನ ಕೇಳೂದಿಲ್ಲ” ಅಂದರು. ಅಲ್ಲಿಂದ ಮುಂದ ಮಾತಿನ ದಿಕ್ಕೇ ಬದಲಾತು. ಹೇರೆತ್ತಿನ ಕೆಲಸದಾಗ ಲಂಬಾಣಿಗರ ಪಾಲು ದೊಡ್ಡದು. ಬಯಲುಸೀಮಿ ಕಾಳು ಕೆಳಗ, ಸಮುದ್ರದ ಉಪ್ಪು ಮ್ಯಾಲ. ಗೋಕರ್ಣದ ಹತ್ತಿರ ಸಾಣಿಕಟ್ಟಾದಾಗ ಇವತ್ತಿಗೂ ಉಪ್ಪು ತೆಗೀತಾರ. ಗಾಡಿ ರಸ್ತಾ, ಆಮ್ಯಾಲ ರೈಲು ಬಂದು ಆ ಕೆಲಸ ಹೋದಮ್ಯಾಲ ಎಷ್ಟೋ ಮಂದಿ ತಾಂಡಾ ಕಟ್ಟಿ ಒಂದ ಕಡೆ ನೆಲೆ ನಿಂತರು. ನಮ್ಮ ಬಾಜೂಕ ಇರೋ ತಾಂಡಾದವರ ಹಿಂದ ಇಷ್ಟು ದೊಡ್ಡ ದಾರಿ ಐತಿ ಅಂತ ನಮ್ಮ ಶಾಲಿ ಪುಸ್ತಕದಾಗ ಇರಲಿಲ್ಲ.

ರೈಲು ಅಂದ್ನೆಲ್ಲ, ಅದು ನಮ್ಮದೇ ರೈಲು. ಆಲಮಟ್ಟಿ ಸ್ಟೇಷನ್ ಮ್ಯಾಲ ಹಾದು ಹೋಗೋ ಹೊಟಗಿ–ಗದಗ ಲೈನು 1884ರ ಸುಮಾರಿಗೆ ಆತು. ಮುಂದ ನಾಕೈದು ವರ್ಷದಾಗ ಗೋವಾದ ಮುರ್ಮಗೋವಾ ಬಂದರಿಗೂ ರೈಲು ಇಳೀತು. ಹತ್ತಿ ಅತ್ತ ತಿರುಗಿತು, ಕುಮಟಾದ ಹತ್ತಿ ವ್ಯಾಪಾರ ಸೊರಗಿತು. ನಾವು ಪ್ಲಾಟ್‌ಫಾರ್ಮ್ ಮ್ಯಾಲ ನಿಂತು ಬೈಯೋ ಆ ಗಾಡಿ, ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಘಟ್ಟದ ಎತ್ತಿನ ದಾರಿ ಖಾಲಿ ಮಾಡೋದರಾಗ ಪಾಲುದಾರ.

ಬ್ಯಾರೆ ದೇಶದಾಗ ಇಂಥಾ ದಾರಿನ ಜೋಪಾನ ಮಾಡ್ಯಾರ. ಕೆನಡಾದಾಗ ಹಡ್ಸನ್ಸ್ ಬೇ ಕಂಪನಿಯವರು 1849ರಿಂದ ಬೀವರ್ ಮುಂತಾದ ಪ್ರಾಣಿಗಳ ತುಪ್ಪಳದ ಚರ್ಮ ಕುದುರಿ ಮ್ಯಾಲ ಹೇರಿ ದಾಟಿಸಿದ ಬೆಟ್ಟದ ದಾರಿ ಒಂದೈತಿ, ಹೋಪ್ ಊರಿಂದ ಟುಲಮೀನ್ ತನಕ. ಊರ ಮಂದಿ ಕಸ ಕಡಿದು ಆ ದಾರಿ ಮತ್ತ ತೆರೆದಾರ, ಈಗ ಜನಾ ನಡೀತಾರ. ಕಂಪನಿಯವರಿಗೆ ಆ ಬೆಟ್ಟದೊಳಗಿನ ಹಾದಿ ಹೇಳಿಕೊಟ್ಟಾವ ಅಲ್ಲಿನ ಮೂಲನಿವಾಸಿ ಮುಖಂಡ ಬ್ಲ್ಯಾಕ್‌ಐ. ಅವನ ಹೆಸರು ಆ ಬೆಟ್ಟದ ನೆಲಕ್ಕ ಇನ್ನೂ ಐತಿ. ನಮ್ಮ ಘಟ್ಟದಾಗ ಹೇರೆತ್ತಿನವರ ಹೆಸರಿನ ಒಂದು ಕಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಇದೆಲ್ಲಾ ಹಳೆ ಕತಿ ಅಂತೀರೇನು? ನಮ್ಮ ಮಣೂಕದ ಲೆಕ್ಕ ನೋಡ್ರಿ. ವಿಜಯಪುರ ಜಿಲ್ಲಾದ ಬಿಸಿಲಿನಾಗ ಒಣಗಿದ ದ್ರಾಕ್ಷಿ ಲಾರಿ ಏರಿ ತಾಸಗಾಂವ, ಸಾಂಗ್ಲಿಗೆ ಹೋಗ್ತೈತಿ. ಅಲ್ಲಿಯ ಕೋಲ್ಡ್ ಸ್ಟೋರೇಜು, ಅಲ್ಲಿಯ ಹರಾಜು, ಕಡೀಕ ಅಲ್ಲಿಯ ಹೆಸರು. ತಾಸಗಾಂವದ ವ್ಯಾಪಾರಸ್ಥರನ್ನ ನಾನು ಬೈಯೂದಿಲ್ಲ. ಅವರಲ್ಲಿ ಸವಲತ್ತು ಐತಿ, ಕೊಳ್ಳೋರು ಅದಾರ, ನಾವು ಹೋಗ್ತೀವಿ. ಕುಮಟಾದಾಗ ಹಡಗು ಇದ್ದವು, ಅದಕ್ಕ ಹತ್ತಿ ಅಲ್ಲಿಗೆ ಹೋತು. ದಾರಿ ತಪ್ಪಲ್ಲ. ಆದ್ರ ಡಬ್ಬಿ ಮ್ಯಾಲ ನಮ್ಮ ಊರಿನ ಹೆಸರು ಬರೆದು ಕಳಸಾಕ ಯಾರು ಬ್ಯಾಡ ಅಂದಾರ? ಇಂಡಿ ಲಿಂಬಿ ನೋಡ್ರಿ, ಅದಕ್ಕ ಭೌಗೋಳಿಕ ಗುರುತು ಸಿಕ್ಕೈತಿ. ಅದು ಹೈದರಾಬಾದಿಗೆ ಹೋಗಲಿ, ದಿಲ್ಲಿಗೆ ಹೋಗಲಿ, ಕಾಗದದ ಮ್ಯಾಲ ಇಂಡಿಯದೇ. ಆ ಗುರುತು ಚೀಲದ ಮ್ಯಾಲ ಹಾಕಾಕ ನಮ್ಮವರು ಇನ್ನೂ ಅಷ್ಟು ಮನಸ್ಸು ಮಾಡಿಲ್ಲ, ಅದು ಬ್ಯಾರೆ ಮಾತು.

ಇಷ್ಟು ವಿಚಾರ ನನಗ ಹೊಳೆದದ್ದು ಆ ಇಳಿಜಾರಿನಾಗ, ಮೊಣಕಾಲು ನೋಯತಿದ್ದಾಗ. ಅಧ್ಯಯನ ಪ್ರವಾಸ ಅಂತ ಬಸ್ಸಿನಾಗ ಹೋಗಿ, ಮೇಳದಾಗ ಟೋಪಿ, ಕ್ಯಾಲೆಂಡರ್ ತಗೊಂಡು ಬರೋದು ಬಾಳ ಆತು. ಒಂದು ಸಲ ಇಂಥಾ ದಾರಿ ಮ್ಯಾಲ ನಡೀರಿ.

ದಾರಿ ತೋರಿಸೋರ ಸಂಬಳದಾಗ ಚೌಕಾಸಿ ಮಾಡಬ್ಯಾಡ್ರಿ. ನಮ್ಮೊಳಗ ಒಬ್ಬಾವ “ಬರೇ ಮುಂದ ನಡಿಯಾಕ ಇಷ್ಟ್ಯಾಕ?” ಅಂದ. ಸಂತ್ಯಾಗ ಬದನಿಕಾಯಿಗೆ ಯಾರರ ಹಂಗ ಕೇಳಿದರ ಅವನೇ ಮೊದಲು ಸಿಟ್ಟಾಗಾವ! ಗೈಡ್ ಇಲ್ದನ ಕಾಡಿನಾಗ ನುಗ್ಗೋದೂ ಬ್ಯಾಡ. ಕವಲುದಾರಿ ಬಾಳ, ಮೊಬೈಲ್ ಸಿಗ್ನಲ್ ಕಣಿವಿಯೊಳಗ ಇರೂದಿಲ್ಲ. ಅನುಮತಿ ಇಲ್ದ ಹೋದರ ಕೇಸು ಬೀಳ್ತೈತಿ.

ಮಳಿಗಾಲಕ್ಕ ಹೋಗಬ್ಯಾಡ್ರಿ, ಇಂಬಳ ಕಾಲು ಬಿಡೂದಿಲ್ಲ, ಕಲ್ಲು ಜಾರತಾವ. ತೊಗರಿ ರಾಶಿ ಮುಗಿದು ಬಿಳಿ ಜೋಳದ ಕಟಾವು ಸುರು ಆಗೋಕಿಂತ ಮೊದಲು ಒಂದು ವಾರ ಬಿಡುವು ಸಿಗ್ತೈತಲ್ಲ, ಅದೇ ಸರಿಯಾದ ಹೊತ್ತು. ಹಿಂದಿನ ರಾತ್ರಿ ಹುಬ್ಬಳ್ಳಿ ಮ್ಯಾಲ ಶಿರಸಿಗೆ ಹೋಗಿ ಉಳಿದು, ಮುಂಜಾನೆ ಏಳಕ್ಕ ನಡಿಗಿ ಸುರು ಮಾಡಿದರ ಹೊತ್ತು ಮುಳುಗೋದರೊಳಗ ಕತಗಾಲದ ಕಡೆ ಇಳೀಬಹುದು. ಚಪ್ಪಲಿ ಬ್ಯಾಡ, ಹಿಡಿತ ಇರೋ ಬೂಟು ಹಾಕ್ರಿ. ಮುಂದಿನ ವರ್ಷ ಮತ್ತ ಹೋಗೋ ವಿಚಾರ ಐತಿ, ಬರೋರು ದೀಪಾವಳಿಯೊಳಗ ಹೇಳ್ರಿ. ತಾಂಡಾದ ಗೆಳೆಯ ಈ ಸಲ ತನ್ನ ಮಗನ್ನೂ ಕರಕೊಂಡು ಬರ್ತಾನಂತ.