ಕೋಪ ಬಂದದ್ದಲ್ಲ, ನಿದ್ದೆ ಬಾರದ್ದು

ಪೆರಿಮೆನೋಪಾಸ್ ಅನ್ನೋ ಪದ ಗೊತ್ತಾಗೋ ಮೊದಲು ನಾನು ಕೆಲಸ ಬಿಡೋ ಯೋಚನೆಯಲ್ಲಿದ್ದೆ. ವಯಸ್ಸು 46. ರಾತ್ರಿ ಮೂರಕ್ಕೆ ಬೆವೆತು ಎಚ್ಚರ, ಮೀಟಿಂಗಿನಲ್ಲಿ ಗೊತ್ತಿರೋ ಪದವೇ ನಾಲಿಗೆಗೆ ಬರಲ್ಲ, ಸಣ್ಣ ಮಾತಿಗೂ ರೇಗಾಟ. ಮರೆವಿನ ಕಾಯಿಲೆಯೇ ಶುರುವಾಯ್ತಾ ಅಂತ ಭಯ.

ಮುಟ್ಟು ನಿಂತು 12 ತಿಂಗಳಾದರೆ ಮೆನೋಪಾಸ್. ಅದಕ್ಕೂ ಮೊದಲಿನ ಕೆಲವು ವರ್ಷ, ಮುಟ್ಟು ಇನ್ನೂ ಬರ್ತಿರುವಾಗಲೇ, ಈಸ್ಟ್ರೋಜನ್ ಮನಬಂದಂತೆ ಏರಿಳಿಯುತ್ತೆ. ಈ ಹಾರ್ಮೋನಿಗೆ ಮೆದುಳಿನಲ್ಲೂ ಕೆಲಸವಿದೆ. ಹಾಗಾಗಿ ನಿದ್ದೆ, ಮನಸ್ಸು, ನೆನಪು ಮೂರೂ ಅಲುಗಾಡುತ್ತವೆ.

ಎರಡು ತಿಂಗಳು ಮುಟ್ಟಿನ ದಿನ, ನಿದ್ದೆ, ಬೆವರು, ಮೂಡ್ ಎಲ್ಲಾ ಫೋನಿನಲ್ಲಿ ಬರೆದಿಟ್ಟು ಡಾಕ್ಟರಿಗೆ ತೋರಿಸಿದೆ. ಥೈರಾಯ್ಡ್, ರಕ್ತಹೀನತೆ, ಬಿ12 ಪರೀಕ್ಷೆ ಮಾಡಿಸಿದರು. ಅವುಗಳ ಲಕ್ಷಣವೂ ಹೀಗೇ ಇರಬಹುದಂತೆ. ಹಾರ್ಮೋನ್ ಚಿಕಿತ್ಸೆ, ಸಿಬಿಟಿ ಅನ್ನೋ ಆಪ್ತಸಮಾಲೋಚನೆ, ಎರಡೂ ಇವೆ. ಯಾರಿಗೆ ಯಾವುದು ಅನ್ನೋದನ್ನ ಡಾಕ್ಟರ ಜೊತೆ ಕೂತೇ ತೀರ್ಮಾನಿಸಬೇಕು. ಮನಸ್ಸು ತೀರಾ ಕುಗ್ಗಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ದಿನದ 24 ಗಂಟೆಯೂ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮಮ್ಮನೋ, ಅಕ್ಕನೋ, ಆಫೀಸಿನ ಮ್ಯಾನೇಜರೋ ಈ ವಯಸ್ಸಿನವರಾಗಿದ್ದರೆ, ‘ಯಾಕಿಷ್ಟು ಕೋಪ?’ ಅನ್ನೋ ಬದಲು ‘ರಾತ್ರಿ ನಿದ್ದೆ ಬಂತಾ?’ ಅಂತ ಕೇಳಿ ನೋಡಿ.