ಕಳೆಗೆ ಔಷಧಿ ಸರಿ, ಬೆಳೆಗೆ ಹೊಣೆ ಯಾರು?

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಊರಿಗೆ ಹೊರಟ ನಮಗೆ ಸಾತಾರ ಬರೀ ಚಹಾ ಕುಡಿಯುವ ಜಾಗ. ಆದರೆ ಆ ಜಿಲ್ಲೆಯ ಕೋರೇಗಾಂವ್ ತಾಲ್ಲೂಕು 'ವಾಘ್ಯಾ ಘೇವಡಾ'ಕ್ಕೆ ಹೆಸರುವಾಸಿ. ಕಾಳಿನ ಮೇಲೆ ಹುಲಿಪಟ್ಟೆಯಂಥ ಗೆರೆ ಇರುವುದರಿಂದ ಆ ಹೆಸರು. ನಾವು ರಾಜ್ಮಾ, ಬೀನ್ಸ್ ಎನ್ನುವ ಬೆಳೆಯದೇ ತಳಿ ಇದು. ಜಿಐ ಮಾನ್ಯತೆಯೂ ಸಿಕ್ಕಿದೆ. ಕೋಲಾರ, ಚಿಕ್ಕಬಳ್ಳಾಪುರದ ಬೀನ್ಸ್ ಬೆಳೆಗಾರರಂತೆ ಇಲ್ಲಿನ ರೈತರಿಗೂ ಒಂದೇ ಚಿಂತೆ: ಕಳೆ ತೆಗೆಯಲು ಆಳು ಎಲ್ಲಿದ್ದಾರೆ?

ಹುರುಳಿಕಾಯಿ ಗಿಡ ಕುಳ್ಳು, ಅವಧಿಯೂ ಕಡಿಮೆ. ಮೊದಲ 30–40 ದಿನ ಕಳೆ ಮೇಲುಗೈ ಪಡೆದರೆ ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಇಳುವರಿ ಮರಳದು. ಮುಂಗಾರಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಸುರಿದರೆ ಎಡೆಕುಂಟೆ ಹೊಡೆಯಲಾಗದು. ಕೂಲಿಗೆ ಬರುವ ಹೆಂಗಸರು ಆ ವಾರ ಎಲ್ಲರಿಗೂ ಬೇಕು. ಹಾಗಾಗಿ ರೈತ ಕಳೆನಾಶಕ ತರುವುದನ್ನು ಸೋಮಾರಿತನ ಎನ್ನುವುದು ಅನ್ಯಾಯ.

ತೊಂದರೆ ಇರುವುದು ಆಯ್ಕೆಯಲ್ಲಿ. ಬಿತ್ತಿದ ಒಂದೆರಡು ದಿನದೊಳಗೆ, ಮಣ್ಣಿನಲ್ಲಿ ಹಸಿ ಇರುವಾಗ ಸಿಂಪಡಿಸುವ ಪೆಂಡಿಮೆಥಾಲಿನ್ ಕಳೆ ಮೊಳೆಯುವುದನ್ನೇ ತಡೆಯುತ್ತದೆ. ಕ್ವಿಜಲೋಫಾಪ್ ಹುಲ್ಲುಜಾತಿಯನ್ನು ಮಾತ್ರ ಕೊಲ್ಲುತ್ತದೆ, ಪಾರ್ಥೇನಿಯಂ ಹಾಗೇ ಉಳಿಯುತ್ತದೆ. 2,4-ಡಿ ಅಗಲ ಎಲೆಯ ಕಳೆಗೆ. ಬೀನ್ಸ್ ಕೂಡ ಅಗಲ ಎಲೆಯ ಗಿಡವೇ. ಪಕ್ಕದ ಹೊಲದಿಂದ ಗಾಳಿಗೆ ತೂರಿಬಂದರೂ ಎಲೆ ಮುರುಟುತ್ತದೆ. ಸೋಯಾಗೆ ಒಗ್ಗುವ ಇಮಾಜೆಥಾಪಿರ್ ಅದೇ ಪ್ರಮಾಣದಲ್ಲಿ ಬೀನ್ಸ್‌ಗೆ ಬಿದ್ದರೆ ಗಿಡ ಹಳದಿಯಾಗಿ ಕುಗ್ಗಬಹುದು. ಮಣ್ಣಿನಲ್ಲಿ ಉಳಿದು ಮುಂದಿನ ಬೆಳೆಯನ್ನೂ ಕಾಡಬಹುದು.

1968ರ ಕೀಟನಾಶಕ ಕಾಯ್ದೆಯಡಿ ಯಾವ ಔಷಧಿ ಯಾವ ಬೆಳೆಗೆ ಎಂಬುದು ನೋಂದಣಿಯಲ್ಲೇ ನಿಗದಿಯಾಗುತ್ತದೆ. ಭತ್ತ, ಗೋಧಿ, ಸೋಯಾದಂಥ ದೊಡ್ಡ ಬೆಳೆಗೆ ಕಂಪನಿಗಳು ಪ್ರಯೋಗದ ಖರ್ಚು ಹಾಕುತ್ತವೆ. ಸಣ್ಣ ಮಾರುಕಟ್ಟೆಯ ಬೆಳೆಗೆ ಆ ಉತ್ಸಾಹ ಇರದು. ಆ ಖಾಲಿ ಜಾಗವನ್ನು ತುಂಬುವುದು ಗೊಬ್ಬರದಂಗಡಿಯವನ ಸಲಹೆ. ಬೆಳೆ ಸುಟ್ಟರೆ 'ಲೇಬಲ್‌ನಲ್ಲಿ ಈ ಬೆಳೆಯ ಹೆಸರಿಲ್ಲ' ಎಂದು ಕಂಪನಿ ಕೈತೊಳೆದುಕೊಳ್ಳಬಹುದು. ನಷ್ಟ ರೈತನದೇ.

ನಿಯಮ ಬಿಗಿಗೊಳಿಸಿದರೆ ಸಾಕೇ? 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕವಷ್ಟೇ ಬಳಸಬೇಕೆಂದಿತು. ಎರಡೆಕರೆಯ ರೈತನಿಗೆ ಅಂಥ ನಿರ್ವಾಹಕ ಹಳ್ಳಿಯಲ್ಲಿ ಸಿಗಬೇಕಲ್ಲ? ಬದಲಿ ವ್ಯವಸ್ಥೆ ಇಲ್ಲದ ನಿರ್ಬಂಧ ಕಾಗದದಲ್ಲೇ ಉಳಿಯುತ್ತದೆ.

ಆಗಬೇಕಾದ್ದು ಸರಳ. ಸಣ್ಣ ಬೆಳೆಗಳ ಪ್ರಯೋಗದ ಖರ್ಚನ್ನು ಕೃಷಿ ವಿಶ್ವವಿದ್ಯಾಲಯಗಳ ಮೂಲಕ ಸರ್ಕಾರವೇ ಹೊರಲಿ. ಅಂಗಡಿಯ ರಸೀದಿಯಲ್ಲಿ ಬೆಳೆಯ ಹೆಸರು ಕಡ್ಡಾಯವಾಗಲಿ. ಆಗ ಸಲಹೆ ಕೊಟ್ಟವನಿಗೂ ಹೊಣೆ ಅಂಟುತ್ತದೆ. ಸೈಕಲ್ ಕುಂಟೆ, ಸಣ್ಣ ವೀಡರ್‌ಗಳು ಊರಲ್ಲೇ ಬಾಡಿಗೆಗೆ ಸಿಗಲಿ. ಒಮ್ಮೆ ಪೆಂಡಿಮೆಥಾಲಿನ್, ತಿಂಗಳಾಗುವ ಹೊತ್ತಿಗೆ ಒಮ್ಮೆ ಕೈಗಳೆ: ಅಷ್ಟಕ್ಕೆ ಆಳು ಹೊಂದಿಸಿಕೊಳ್ಳಲು ರೈತನಿಗೂ ಸಾಧ್ಯ.