ಕಲಬುರಗಿಯ ಊಟ ಎಲ್ಲಿ ಸಿಗುತ್ತದೆ?

ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ದ್ವೀಪದಲ್ಲಿ ಆನ್ಸ್ ಲಾ ರೇ ಎಂಬ ಮೀನುಗಾರರ ಹಳ್ಳಿಯಿದೆ. ಶುಕ್ರವಾರ ಸಂಜೆಯಾದರೆ ಅಲ್ಲಿನ ಬೀದಿಯೇ ಊಟದ ಮನೆ. ಊರವರು ಕೆಂಡದ ಮೇಲೆ ಮೀನು ಸುಡುತ್ತಾರೆ, ಪ್ರವಾಸಿಗರು ತಂಗಿದ ಹೋಟೆಲು ಬಿಟ್ಟು ಅಲ್ಲಿಗೆ ಬಂದು ಉಣ್ಣುತ್ತಾರೆ. ಆ ದ್ವೀಪ ತನ್ನ ರಾಷ್ಟ್ರೀಯ ತಿನಿಸೆಂದು ಹೇಳಿಕೊಳ್ಳುವುದು ಉಪ್ಪುಮೀನು ಮತ್ತು ಬೇಯಿಸಿದ ಬಾಳೆಕಾಯಿಯನ್ನು. ಅದೇ ಕೆರಿಬಿಯನ್ನಿನ ಟ್ರಿನಿಡಾಡಿನಲ್ಲಿ ಪೆಲಾವ್ ಎಂಬ ಅನ್ನವಿದೆ: ಅಕ್ಕಿ, ಕೋಳಿ, ತೆಂಗಿನ ಹಾಲು, ಜೊತೆಗೆ ತೊಗರಿಕಾಳು.

ಹೌದು, ನಮ್ಮ ತೊಗರಿಯೇ. ಭಾರತದಲ್ಲಿ ಹುಟ್ಟಿದ ಈ ಬೆಳೆ ಆಫ್ರಿಕಾಕ್ಕೆ ಹೋಗಿ, ಅಲ್ಲಿಂದ ಗುಲಾಮರನ್ನು ಹೊತ್ತ ಹಡಗುಗಳಲ್ಲಿ ಕೆರಿಬಿಯನ್ ತಲುಪಿತು. ಬಾಳೆ ಅಲ್ಲಿಗೆ 1516ರಲ್ಲಿ ಕೆನರಿ ದ್ವೀಪಗಳಿಂದ ಹೋಯಿತು. ಅಮೆರಿಕ ಖಂಡದ ಮೆಣಸಿನಕಾಯಿ, ಶೇಂಗಾ ಈ ಕಡೆ ಬಂದವು. ಅವೆರಡೂ ಇಲ್ಲದೆ ಇಂದು ಕಲಬುರಗಿಯ ಯಾವ ಅಡುಗೆಮನೆಯೂ ನಡೆಯದು.

ಕಲಬುರಗಿಗೆ ಬಂದಿಳಿದ ಪರವೂರಿನವರ ಪಾಡು ಮಾತ್ರ ಆನ್ಸ್ ಲಾ ರೇಯ ಪ್ರವಾಸಿಗರಂತಲ್ಲ. ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ಕೋಟೆ ನೋಡಿಕೊಂಡು, ಲಾಡ್ಜಿನ ಪಕ್ಕದ ಹೋಟೆಲಿನಲ್ಲಿ ಪನೀರು, ನಾನ್ ತಿಂದು ರೈಲು ಹತ್ತುತ್ತಾರೆ. ಊರು ನೋಡಿದಂತಾಯಿತು, ಉಂಡಂತಾಗಲಿಲ್ಲ. ಇದು ಬಂದವರ ತಪ್ಪಲ್ಲ. ತನ್ನ ಅಡುಗೆಯನ್ನು ಮುಂದಿಡಲು ಊರೇ ಹಿಂಜರಿದಿದೆ.

ಆ ಅಡುಗೆ ಇರುವುದು ಶಹಾಬಜಾರದಂಥ ಹಳೆಯ ಬಡಾವಣೆಗಳಲ್ಲಿ, ಖಾನಾವಳಿಗಳಲ್ಲಿ. ಶಹಾಬಜಾರದಲ್ಲಿ ಬಹಮನಿಗಳ ಕಾಲದ ಮಸೀದಿಯಿದೆ; 1347ರಲ್ಲಿ ಆರಂಭವಾದ ಆ ರಾಜ್ಯಕ್ಕೆ ಇದೇ ಊರು ಮೊದಲ ರಾಜಧಾನಿ. ಆ ಚರಿತ್ರೆಯ ಗುರುತು ತಾಟಿನಲ್ಲೂ ಉಳಿದಿದೆ. ಇಲ್ಲಿನ ಮುಸ್ಲಿಂ ಹೋಟೆಲುಗಳಲ್ಲಿ ಬೆಳಗಿನ ನಾಷ್ಟಾಕ್ಕೇ ತಹರಿ ಸಿಗುತ್ತದೆ, ಅರಿಶಿನದ ಹಳದಿ ಅನ್ನದಲ್ಲಿ ಮಾಂಸ ಬೆಂದಿರುತ್ತದೆ. ಸಿಹಿ ಬೇಕೆನ್ನುವವರಿಗೆ ಮಾಲಪುರಿ.

ಖಾನಾವಳಿಯಲ್ಲಾದರೆ ಪುಂಡಿಪಲ್ಲೆಯ ಬಳಿ ತುಸು ನಿಲ್ಲಬೇಕು. ಪುಂಡಿ ಬಲು ಹುಳಿಯ ಸೊಪ್ಪು. ಅದನ್ನು ಮೊದಲು ಕುದಿಸಿ ನೀರು ಬಸಿಯುತ್ತಾರೆ. ಆಮೇಲೆ ತೊಗರಿಬ್ಯಾಳಿ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಕೂಡಿಸಿ ಮೆತ್ತಗೆ ಬೇಯಿಸುತ್ತಾರೆ. ನುಚ್ಚು ಹುಳಿಯನ್ನು ಹೀರಿ ಪಲ್ಲೆ ಗಟ್ಟಿಯಾಗುತ್ತದೆ. ಕೊನೆಗೆ ಶೇಂಗಾ ಎಣ್ಣೆಯಲ್ಲಿ ಜಜ್ಜಿದ ಬಳ್ಳೊಳ್ಳಿ ಕೆಂಪಗಾಗುವ ತನಕ ಕಾಯಿಸಿ ಮೇಲೆ ಸುರಿಯುತ್ತಾರೆ. ಇದಕ್ಕೆ ಜೊತೆ ಬಿಸಿರೊಟ್ಟಿ: ಕುದಿನೀರಲ್ಲಿ ಕಲಸಿದ ಜೋಳದ ಹಿಟ್ಟನ್ನು ನಾದಿ, ಬಡಿದು, ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ ಸುಟ್ಟದ್ದು. ಬದಿಗೆ ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೊಸರು. ಮೊಸರೊಂದನ್ನು ಬಿಟ್ಟರೆ ಬಹುಪಾಲು ಸುತ್ತಲಿನ ಹೊಲಗಳಲ್ಲೇ ಬೆಳೆಯುವಂಥವು.

ಎಳ್ಳಮಾವಾಸ್ಯೆಗೆ ಬಂದವರು ಇನ್ನೂ ಅದೃಷ್ಟವಂತರು. ಆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲುತ್ತಾರೆ. ಬುತ್ತಿಯಲ್ಲಿ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ. ಹಸಿ ತೊಗರಿ, ಹಸಿ ಕಡಲೆ, ಬಗೆಬಗೆಯ ಸೊಪ್ಪು ಕೂಡಿಸಿ ಮಾಡಿದ ಭಜ್ಜಿ. ಹೊಲ ಇಲ್ಲದವರನ್ನೂ ಪರಿಚಯದವರು ಕರೆದು ಉಣಿಸುತ್ತಾರೆ. ಅದೇ ದಿನಗಳಲ್ಲಿ ಉಪ್ಪು ಹಾಕಿ ಕುದಿಸಿದ ತೊಗರಿಕಾಯಿ ತಿನ್ನಲು ಸಿಗುತ್ತದೆ. ಒಣಬೇಳೆಯನ್ನಷ್ಟೇ ಬಲ್ಲ ಬೆಂಗಳೂರಿನವರಿಗೆ ಅದರ ಹಸಿರು ರುಚಿ ಹೊಸದು, ಕೆರಿಬಿಯನ್ನರಿಗೆ ಅದು ಬಳಕೆಯ ರುಚಿ.

ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿತು. ಎರೆಭೂಮಿಯ ಸುಣ್ಣ, ಪೊಟ್ಯಾಷ್ ಅಂಶವೇ ಇದರ ರುಚಿಗೆ ಕಾರಣವೆನ್ನುತ್ತಾರೆ. ಮನ್ನಣೆಯಿಂದ ರೈತನ ಕಷ್ಟ ಕರಗಲಿಲ್ಲ. 2022ರ ಬೆಳೆಯನ್ನು ನೆಟೆ ರೋಗ ಜಿಲ್ಲೆಯಾದ್ಯಂತ ಒಣಗಿಸಿತು. ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಬಾಡಿದರೆ ರೈತ ಮಾಡುವುದಾದರೂ ಏನು? ದಕ್ಷಿಣದ ಊರೂರಿನ ಸಾರಿಗೆ ಬೇಳೆ ಕೊಡುವ ನೆಲದ ಹೆಸರು ಆ ಊರುಗಳ ಹೋಟೆಲು ಫಲಕದಲ್ಲಿ ಕಾಣದಿರುವುದು ನಿಜಕ್ಕೂ ನೋವಿನ ಸಂಗತಿ.

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಮುಂದೆ ಹೋದರೆ ಕಮಲಾಪುರ. ಇಲ್ಲಿನ ಕೆಂಪು ಬಾಳೆಗೂ ಭೌಗೋಳಿಕ ಸೂಚಿಕೆಯಿದೆ. ಸಿಪ್ಪೆ ಕಡುಗೆಂಪು, ಒಳಗೆ ಕೆನೆಬಣ್ಣದ ತಿರುಳು, ಪರಿಮಳ ಗಾಢ. ಗಿಡ ನೆಟ್ಟ ಮೇಲೆ ಗೊನೆ ಕೈಗೆ ಬರಲು ಒಂದು ವರ್ಷ ಸಾಲದು, ಅದರ ಮೇಲೆ ಇನ್ನೂ ಕೆಲವು ತಿಂಗಳು ನೀರು, ಗೊಬ್ಬರ ಕೊಟ್ಟು ಕಾಯಬೇಕು. ಅದಕ್ಕೇ ಬೆಲೆ ಹೆಚ್ಚು. ಬೇಗ ಫಸಲು ಕೊಡುವ ತಳಿಗಳ ಕಡೆಗೆ ರೈತರ ಮನಸ್ಸು ವಾಲುವುದೂ ಸಹಜ. ಸೇಂಟ್ ಲೂಸಿಯಾ ತನ್ನ ಬಾಳೆಯನ್ನು ರಾಷ್ಟ್ರೀಯ ತಟ್ಟೆಗೆ ಏರಿಸಿತು. ಕಲಬುರಗಿಯ ಹೋಟೆಲಿನವರು ಊಟದ ಕೊನೆಗೆ ಐಸ್‌ಕ್ರೀಮಿನ ಬದಲು ಕಮಲಾಪುರದ ಒಂದು ಹಣ್ಣು ಇಟ್ಟರೂ ಸಾಕು, ತೋಟದವನಿಗೆ ಇನ್ನೊಂದು ವರ್ಷ ಅದೇ ತಳಿ ನೆಡುವ ಧೈರ್ಯ ಬಂದೀತು.